ಜೀವಕೋಶಕ್ಕೆ 53 ವರ್ಷ, ಎಲ್‌ಡಿಎಲ್ 128: ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು?

ಪ್ರಶ್ನೆ: ಡಾಕ್ಟರೇ, ನಾನು ಸಿಂಧನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಯಸ್ಸು 44. ಸಿಗರೇಟು, ಗುಟ್ಕಾ ಯಾವುದೂ ಇಲ್ಲ. ಹೊಟ್ಟೆ ಸ್ವಲ್ಪ ಬಂದಿದೆ. ನಮ್ಮಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಹೋದ ತಿಂಗಳು ಆಫರ್ ಇದೆ ಅಂತ ಒಂದು ಕಡೆ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 212, ಎಲ್‌ಡಿಎಲ್ 128, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 240 ಬಂತು. ಎಲ್‌ಡಿಎಲ್ ಕೆಟ್ಟ ಕೊಲೆಸ್ಟ್ರಾಲ್, ಎಚ್‌ಡಿಎಲ್ ಒಳ್ಳೆಯದು, ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿನ ಕೊಬ್ಬು ಅಂತ ಕೇಳಿದ್ದೇನೆ. ಜೊತೆಗೆ ಟೆಲೊಮಿಯರ್ (ಕ್ರೋಮೊಸೋಮಿನ ತುದಿ) ನೋಡಿ "ನಿಮ್ಮ ಜೀವಕೋಶಗಳ ವಯಸ್ಸು 53" ಅಂತ ಬರೆದು ಕೊಟ್ಟರು. ಕೊಲೆಸ್ಟ್ರಾಲ್ ಕಣಗಳೇ ಜೀವಕೋಶಕ್ಕೆ ಮುಪ್ಪು ತರುತ್ತವಂತೆ, ಅದಕ್ಕೆ ಮೂರು ತಿಂಗಳ ಮಾತ್ರೆಯ ಕೋರ್ಸ್ ಇದೆಯಂತೆ. ನಮ್ಮ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರು ಉಲ್ಟಾ ಹೇಳುತ್ತಾರೆ: ಜೀವಕೋಶದ ಪೊರೆಗೆ ಕೊಲೆಸ್ಟ್ರಾಲ್ ಬೇಕೇ ಬೇಕು, ಮಾತ್ರೆ ನುಂಗಿ ಅದನ್ನು ಇಳಿಸಿದರೆ ಬೇಗ ಮುಪ್ಪಾಗುತ್ತೀರಿ ಅಂತ. ಯಾರ ಮಾತು ಕೇಳಲಿ?

ಉತ್ತರ: ಮಾಸ್ತರೇ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು 53 ಅಲ್ಲ, 128 ಕೂಡ ಅಲ್ಲ. 240 ಮತ್ತು 52. ಟ್ರೈಗ್ಲಿಸರೈಡ್ 240, ಅಪ್ಪನಿಗೆ 52ರಲ್ಲಿ ಅಟ್ಯಾಕ್. ಇವೆರಡರ ಬಗ್ಗೆ ನಿಮಗೆ ಯಾರೂ ಏನೂ ಹೇಳಿದ ಹಾಗೆ ಕಾಣುವುದಿಲ್ಲ. ಇವನ್ನು ಬಿಟ್ಟು ಜೀವಕೋಶದ ವಯಸ್ಸಿಗೆ ಕೋರ್ಸ್ ಕೊಡಲು ಹೊರಟಿದ್ದಾರೆ ಅಂದರೆ, ಬಾವಿಗೆ ಬಿದ್ದವನನ್ನು ಬಿಟ್ಟು ಅವನ ಚಪ್ಪಲಿ ಹುಡುಕಿದ ಹಾಗಾಯಿತು.

ಕೊಲೆಸ್ಟ್ರಾಲ್ ಕಣಕ್ಕೂ ಜೀವಕೋಶದ ಮುಪ್ಪಿಗೂ ಸಂಬಂಧ ಇದೆ. ಅದು ಸುಳ್ಳಲ್ಲ. ಆದರೆ ಯಾವ ಜೀವಕೋಶಕ್ಕೆ, ಎಲ್ಲಿ, ಹೇಗೆ ಅನ್ನುವುದನ್ನು ಬಿಡಿಸಿ ನೋಡಬೇಕು. ನೀವು ವಿಜ್ಞಾನ ಕಲಿಸುವವರು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಈ ಕಣ ಅಂದರೇನು ನೋಡೋಣ. ರಕ್ತದಲ್ಲಿ ಬಹುಪಾಲು ನೀರು. ನೀರಿನಲ್ಲಿ ಕೊಬ್ಬು ಕರಗುವುದಿಲ್ಲ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲಿದ ಹಾಗೆ ರಕ್ತದಲ್ಲೂ ತೇಲಿದರೆ ಬದುಕುವುದು ಹೇಗೆ? ಅದಕ್ಕೇ ಲಿವರ್ ಕೊಬ್ಬು, ಕೊಲೆಸ್ಟ್ರಾಲ್ ಎರಡನ್ನೂ ಸಣ್ಣ ಸಣ್ಣ ಗಂಟು ಕಟ್ಟಿ ಕಳಿಸುತ್ತದೆ. ಪ್ರತಿ ಗಂಟಿನ ಸುತ್ತ ಅಪೊ-ಬಿ ಅನ್ನುವ ಪ್ರೋಟೀನ್ ದಾರದ ಹಾಗೆ ಸುತ್ತಿಕೊಂಡಿರುತ್ತದೆ. ಒಂದು ಗಂಟಿಗೆ ಒಂದೇ ದಾರ. ಎರಡಿರುವುದಿಲ್ಲ, ಇಲ್ಲದೆಯೂ ಇರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಲಿವರ್‌ನಿಂದ ಹೊರಡುವಾಗ ಅದು ಟ್ರೈಗ್ಲಿಸರೈಡ್ ತುಂಬಿದ ದೊಡ್ಡ ಗಂಟು, ಹೆಸರು ವಿಎಲ್‌ಡಿಎಲ್. ದಾರಿಯಲ್ಲಿ ಸ್ನಾಯುಗಳಿಗೆ, ಕೊಬ್ಬಿನ ಕೋಶಗಳಿಗೆ ಸರಕು ಇಳಿಸುತ್ತಾ ಹೋಗಿ, ಸಣ್ಣದಾಗಿ, ಕೊನೆಗೆ ಎಲ್‌ಡಿಎಲ್ ಆಗುತ್ತದೆ. ಅದರ ಅಗಲ ಅಂದಾಜು 22 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 45 ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಎರಡು-ಮೂರು ದಿನ ರಕ್ತದಲ್ಲಿ ಸುತ್ತಾಡಿ, ಬಹುಪಾಲು ಕಣಗಳು ಮತ್ತೆ ಲಿವರ್‌ಗೇ ವಾಪಸ್ ಬರುತ್ತವೆ.

ಈಗ ನಿಮ್ಮ 128. ಇದು ಕಣಗಳ ಸಂಖ್ಯೆ ಅಲ್ಲ. ಎಲ್‌ಡಿಎಲ್ ಕಣಗಳೆಲ್ಲ ಸೇರಿ ಹೊತ್ತ ಕೊಲೆಸ್ಟ್ರಾಲಿನ ತೂಕ. ಅದನ್ನೂ ಅಳೆದಿಲ್ಲ, ಲೆಕ್ಕ ಹಾಕಿ ಬರೆದಿದ್ದಾರೆ. ಬೇಕಾದರೆ ನೀವೇ ಮಾಡಿ ನೋಡಿ: 212ರಲ್ಲಿ 36 ಕಳೆಯಿರಿ, ಆಮೇಲೆ 240ರ ಐದನೇ ಒಂದು ಭಾಗ, ಅಂದರೆ 48 ಕಳೆಯಿರಿ. 128 ಬಂತಲ್ವಾ?

ಸುಗ್ಗಿಯಲ್ಲಿ ನಿಮ್ಮೂರಿನ ಎಪಿಎಂಸಿ ಮುಂದೆ ನಿಂತು ನೋಡಿರುತ್ತೀರಿ. ಮುನ್ನೂರು ಚೀಲ ಭತ್ತ ಒಂದು ದೊಡ್ಡ ಲಾರಿಯಲ್ಲೂ ಬರಬಹುದು, ನಾಲ್ಕು ಟ್ರ್ಯಾಕ್ಟರಿನಲ್ಲೂ ಬರಬಹುದು. ತೂಕದ ಚೀಟಿ ನೋಡಿದರೆ ಎರಡೂ ಒಂದೇ. ಆದರೆ ರಸ್ತೆ ಪಕ್ಕದ ಚಹಾ ಅಂಗಡಿಯವನನ್ನು ಕೇಳಿ. ಅವನ ಚಪ್ಪರಕ್ಕೆ ತಾಗುವುದು ಚೀಲದ ತೂಕ ಅಲ್ಲ, ಗಾಡಿ. ನಾಲ್ಕು ಗಾಡಿ ಬಂದರೆ ನಾಲ್ಕು ಸಲ ತಾಗುವ ಭಯ. ರಕ್ತನಾಳದ ಗೋಡೆಯದ್ದೂ ಅದೇ ಲೆಕ್ಕ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಇರುವವರಲ್ಲಿ ಎಲ್‌ಡಿಎಲ್ ಕಣಗಳು ಸಾಮಾನ್ಯವಾಗಿ ಸಣ್ಣವು, ಒಂದೊಂದು ಹೊರುವ ಕೊಲೆಸ್ಟ್ರಾಲ್ ಕಡಿಮೆ. ಹಾಗಾಗಿ ತೂಕ 128 ತೋರಿಸಿದರೂ ಗಾಡಿಗಳು ಜಾಸ್ತಿ ಓಡಾಡುತ್ತಿರುತ್ತವೆ. ನೀವು ಆ ಗುಂಪಿನವರು ಅಂತ ನನ್ನ ಅನುಮಾನ. ಹೊಟ್ಟೆ ಬಂದ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ನಮ್ಮ ಭಾಗದ ಗಂಡಸರಲ್ಲಿ ನಾನು ಇದನ್ನು ದಿನಾ ನೋಡುತ್ತೇನೆ.

ಒಂದು ದಿನ ಕೊಪ್ಪಳದ ನಮ್ಮ ಕ್ಲಿನಿಕ್ಕಿನ ಲ್ಯಾಬ್ ಹುಡುಗಿ ಗಾಬರಿಯಿಂದ ಒಂದು ಟ್ಯೂಬ್ ಹಿಡಿದು ಬಂದಳು. ಮದುವೆ ಊಟ ಮುಗಿಸಿ ಸೀದಾ ಬಂದವನ ರಕ್ತ. ತಿರುಗಿಸುವ ಮಷೀನಿನಿಂದ ತೆಗೆದಾಗ ತಳದಲ್ಲಿ ಕೆಂಪು, ನಡುವೆ ಜೆಲ್, ಮೇಲೆ ತಿಳಿ ಹಳದಿ ನೀರು ಇರಬೇಕು. ಅವನದರಲ್ಲಿ ಮೇಲೆ ಗಟ್ಟಿ ಮಜ್ಜಿಗೆ ನಿಂತಿತ್ತು. ಟ್ರೈಗ್ಲಿಸರೈಡ್ ಸಾವಿರ ದಾಟಿತ್ತು. ಅಷ್ಟಾದರೆ ಮೇದೋಜೀರಕ ಗ್ರಂಥಿಗೆ ಅಪಾಯ, ಅದನ್ನು ಆವತ್ತೇ ನೋಡಿಕೊಂಡೆವು. ಆದರೆ ಹುಡುಗಿಗೆ ನಾನು ತೋರಿಸಿದ್ದು ಪಕ್ಕದ ಟ್ಯೂಬ್. ಕನ್ನಡಿಯಂತೆ ತಿಳಿಯಾಗಿತ್ತು. ಅದು 31 ವರ್ಷದ ಹುಡುಗನದು, ಎಲ್‌ಡಿಎಲ್ 260. ಕಣ್ಣ ರೆಪ್ಪೆಯ ಮೂಲೆಯಲ್ಲಿ ಹಳದಿ ಗುಳ್ಳೆ, ಹಿಮ್ಮಡಿಯ ಸ್ನಾಯುರಜ್ಜು ಬೆರಳಿಗೆ ಗಂಟು ಗಂಟಾಗಿ ಸಿಗುತ್ತಿತ್ತು. ಎರಡೂ ಕೊಲೆಸ್ಟ್ರಾಲ್ ಕೂತ ಗುರುತು. ಮಜ್ಜಿಗೆ ಮಾಡುವ ದೊಡ್ಡ ಕಣಗಳು ರಕ್ತನಾಳದ ಗೋಡೆಯೊಳಗೆ ತೂರಲಾರವು. ತಿಳಿಯಾಗಿ ಕಾಣುವ ಸಣ್ಣ ಕಣಗಳು ತೂರುತ್ತವೆ.

ತೂರಿ ಏನು ಮಾಡುತ್ತವೆ? ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ.

"ಪೈಪಿನಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯವರು ತುಂಗಭದ್ರಾ ಡ್ಯಾಮಿನ ಹೂಳಿಗೆ ಹೋಲಿಸುತ್ತಾರೆ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸು ಹಿಡಿಯುತ್ತದೆ. ವರ್ಷ ವರ್ಷ ಕೂತು ಕೂತು ಆಗಿದ್ದು. ಈ ಒಂದು ವಿಷಯದಲ್ಲಿ ಹೋಲಿಕೆ ಸರಿ. ಇನ್ನೊಂದು ವಿಷಯದಲ್ಲಿ ತಪ್ಪು. ಕೊಲೆಸ್ಟ್ರಾಲ್ ನಾಳದ ತಳದಲ್ಲಿ ಹೂಳಿನ ಹಾಗೆ ಕೂರುವುದಿಲ್ಲ. ಗೋಡೆಯ ಒಳಗೆ ಸೇರುತ್ತದೆ. ನನ್ನ ಕೇಳಿದರೆ ಸವಳು ಭೂಮಿಯ ಹೋಲಿಕೆ ಹೆಚ್ಚು ಹೊಂದುತ್ತದೆ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರು ನಿಂತು ನಿಂತು ಸವಳು ಹತ್ತಿದ ಹೊಲ ನೋಡಿದ್ದೀರಿ. ನೀರೇನೋ ಬರುತ್ತಲೇ ಇರುತ್ತದೆ. ಕೆಡುವುದು ಒಳಗಿನ ಮಣ್ಣು. ಉಪ್ಪು ಬಿಳಿಯಾಗಿ ಮೇಲೆ ಕಾಣಿಸುವ ಹೊತ್ತಿಗೆ ಒಳಗೆ ಎಷ್ಟೋ ವರ್ಷದ ಕಥೆ ನಡೆದಿರುತ್ತದೆ.

ರಕ್ತನಾಳದ ಒಳಮೈಗೆ ಒಂದೇ ಒಂದು ಪದರದ ಜೀವಕೋಶಗಳ ಹೊದಿಕೆ ಇದೆ. ಎಂಡೊಥೀಲಿಯಂ ಅನ್ನುತ್ತಾರೆ. ಎಲ್‌ಡಿಎಲ್ ಅದನ್ನು ದಾಟಿ ಒಳಗೆ ಹೋಗುತ್ತದೆ, ಬಹಳಷ್ಟು ಹಾಗೇ ವಾಪಸ್ಸೂ ಬರುತ್ತದೆ. ಕೆಲವು ಮಾತ್ರ ಗೋಡೆಯ ನಾರಿಗೆ ಸಿಕ್ಕಿ ಅಲ್ಲೇ ಉಳಿಯುತ್ತವೆ. ಸಿಕ್ಕಿಕೊಳ್ಳುವುದು ಅದೇ ಅಪೊ-ಬಿ ದಾರದಿಂದ. ಉಳಿದ ಕಣ ನಿಧಾನಕ್ಕೆ ಹಳಸುತ್ತದೆ. ಡಬ್ಬಿಯಲ್ಲಿ ಬಹಳ ದಿನ ಇಟ್ಟ ಶೇಂಗಾ ಕಮಟು ವಾಸನೆ ಬರುತ್ತದಲ್ಲ, ರಸಾಯನಶಾಸ್ತ್ರದ ಪ್ರಕಾರ ಅದೂ ಇದೂ ಒಂದೇ ಜಾತಿ: ಕೊಬ್ಬಿನ ಆಕ್ಸಿಡೇಷನ್. ಹಳಸಿದ್ದನ್ನು ತಿನ್ನಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಉಬ್ಬಿ ನೊರೆಯಂತಾಗಿ ಅಲ್ಲೇ ಬೀಳುತ್ತವೆ. ಇದು ಎಲ್ಲ ಕಡೆ ಒಂದೇ ಸಮ ನಡೆಯುವುದಿಲ್ಲ. ದೊಡ್ಡ ಕಾಲುವೆಯಿಂದ ಉಪಕಾಲುವೆ ಕವಲೊಡೆಯುವ ಗೇಟಿನ ಹತ್ತಿರ ನೀರು ಸುಳಿ ಸುತ್ತುತ್ತದೆ. ರಕ್ತನಾಳ ಕವಲೊಡೆಯುವ ಕಡೆಯೂ ಹಾಗೇ. ಅಲ್ಲಿನ ಹೊದಿಕೆಯ ಕೋಶಗಳು ಬೇಗ ಸವೆಯುತ್ತವೆ, ಎಲ್‌ಡಿಎಲ್ ಸಿಕ್ಕಿಕೊಳ್ಳುವುದೂ ಅಲ್ಲೇ ಜಾಸ್ತಿ.

ಬಳ್ಳಾರಿಯಲ್ಲಿ ಓದುವಾಗ ನಮಗೆ ಪೆಥಾಲಜಿ ಕಲಿಸಿದವರು ಎರಡು ಮಹಾಪಧಮನಿಗಳನ್ನು ಉದ್ದಕ್ಕೆ ಸೀಳಿ ಪಕ್ಕಪಕ್ಕ ಟ್ರೇನಲ್ಲಿ ಹರಡಿದ್ದರು. ಒಂದು ವಯಸ್ಸಾದವರದು. ಕತ್ತರಿ ಹಾಕಿದಾಗ ಮೊಟ್ಟೆ ಚಿಪ್ಪು ಒಡೆದ ಸದ್ದು ಬಂತು. ಇನ್ನೊಂದು ಅಪಘಾತದಲ್ಲಿ ತೀರಿಕೊಂಡ ಇಪ್ಪತ್ತರ ಹುಡುಗನದು. ಒಳಮೈ ನುಣ್ಣಗೆ, ತಿಳಿ ಕೆನೆ ಬಣ್ಣ. ಆದರೆ ಕವಲುಗಳ ಬುಡದಲ್ಲಿ ಅರಿಶಿನದ ಬೆರಳು ಸವರಿದ ಹಾಗೆ ಮೂರ್ನಾಲ್ಕು ಗೆರೆ. ಆ ಗೆರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22. ನೂರಕ್ಕೆ 77 ಜನರ ಹೃದಯದ ನಾಳಗಳಲ್ಲಿ ಕಾಯಿಲೆಯ ಗುರುತು ಸಿಕ್ಕಿತು.

ಈಗ ಮುಪ್ಪಿನ ಮಾತು. ನಮ್ಮ ಕೋಶಗಳು ಲೆಕ್ಕವಿಲ್ಲದಷ್ಟು ಸಲ ವಿಭಜನೆ ಆಗಲಾರವು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದ ಹಾಗೆ, ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯನ ಕೋಶ ಸುಮಾರು 40ರಿಂದ 60 ಸಲ ವಿಭಜನೆಯಾಗಿ ನಿಂತುಬಿಡುತ್ತದೆ. ಕಾರಣ ಆಮೇಲೆ ತಿಳಿಯಿತು. ಸೀರೆಯ ಸೆರಗು ಬಿಚ್ಚಿಕೊಳ್ಳದಿರಲಿ ಅಂತ ಕುಚ್ಚು ಕಟ್ಟುತ್ತಾರಲ್ಲ, ಹಾಗೆ ಕ್ರೋಮೊಸೋಮಿನ ತುದಿಗೆ ಟೆಲೊಮಿಯರ್ ಇರುತ್ತದೆ. ಪ್ರತಿ ವಿಭಜನೆಗೂ ಕುಚ್ಚು ಸ್ವಲ್ಪ ಸವೆಯುತ್ತದೆ. ಇದನ್ನು ಬಿಡಿಸಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶಾಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಕುಚ್ಚು ಸವೆದರೆ ಮಾತ್ರ ಮುಪ್ಪು ಅಂತಲ್ಲ. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದರೂ ಅದು ವಯಸ್ಸಿಗೆ ಮುಂಚೆಯೇ ಕೆಲಸ ನಿಲ್ಲಿಸುತ್ತದೆ. ಹಳಸಿದ ಎಲ್‌ಡಿಎಲ್ ಕೊಡುವುದು ಇಂಥ ಪೆಟ್ಟು. ತೊಂದರೆ ಏನೆಂದರೆ ಮುಪ್ಪಾದ ಕೋಶ ಸಾಯುವುದಿಲ್ಲ. ರಿಟೈರ್ ಆದ ಹೆಡ್‌ಮಾಸ್ತರರು ದಿನಾ ಶಾಲೆಗೆ ಬಂದು ಆಫೀಸಿನಲ್ಲೇ ಕೂತರೆ ಹೇಗಿರುತ್ತದೆ ಹೇಳಿ. ಪಾಠ ಮಾಡುವುದಿಲ್ಲ, ಕುರ್ಚಿ ಬಿಡುವುದಿಲ್ಲ, ಹೊಸಬರ ತಲೆಯನ್ನೂ ಕೆಡಿಸುತ್ತಾರೆ. ಮುಪ್ಪಾದ ಕೋಶವೂ ಹಾಗೇ ಕೂತು ಉರಿಯೂತದ ರಾಸಾಯನಿಕಗಳನ್ನು ಸುತ್ತ ಉಗುಳುತ್ತಿರುತ್ತದೆ. ಪಕ್ಕದ ಕೋಶಗಳೂ ಕೆಡುತ್ತವೆ. ಹೊದಿಕೆಯ ಕೋಶ ಮುಪ್ಪಾದರೆ ನಾಳವನ್ನು ಸಡಿಲ ಇಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಹೊದಿಕೆ ಸೋರುತ್ತದೆ, ಇನ್ನಷ್ಟು ಎಲ್‌ಡಿಎಲ್ ಒಳಗೆ ಹೋಗುತ್ತದೆ. ಕಳ್ಳನೇ ಕಾವಲುಗಾರನಿಗೆ ಹೊಡೆದು ಮಲಗಿಸಿ ಬಾಗಿಲು ತೆಗೆದಿಟ್ಟ ಲೆಕ್ಕ.

ಇದು ಬರೀ ಊಹೆ ಅಲ್ಲ. 2002ರಲ್ಲಿ ಜಪಾನಿನ ಸಂಶೋಧಕರು ಮನುಷ್ಯರ ಹೃದಯದ ನಾಳಗಳಿಗೆ ಮುಪ್ಪಾದ ಕೋಶ ಗುರುತಿಸುವ ಬಣ್ಣ ಹಾಕಿ ನೋಡಿದರು. ಕೊಬ್ಬು ಕಟ್ಟಿದ ಜಾಗದ ಹೊದಿಕೆಯಲ್ಲಿ ಬಣ್ಣ ಹಿಡಿಯಿತು. 2016ರಲ್ಲಿ ಅಮೆರಿಕದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿಸಿದ ಇಲಿಗಳ ನಾಳದಿಂದ ಮುಪ್ಪಾದ ಕೋಶಗಳನ್ನೇ ತೆಗೆದುಹಾಕಿದರು. ನಾಳದ ಗೋಡೆಯಲ್ಲಿ ಕೊಬ್ಬಿನ ಗಡ್ಡೆ ಕಟ್ಟುವುದು ಕಡಿಮೆಯಾಯಿತು. ಇದೇ ಪ್ರಯೋಗದ ನೆರಳಿನಲ್ಲಿ ಈಗ "ಮುಪ್ಪು ತೆಗೆಯುವ" ಮಾತ್ರೆಗಳ ವ್ಯಾಪಾರ ನಡೆದಿದೆ. ಇಲಿಯಲ್ಲಿ ಆಗಿದ್ದನ್ನು ಸಿಂಧನೂರಿನ ಮಾಸ್ತರರ ಮೇಲೆ ಮಾಡುವ ಕಾಲ ಇನ್ನೂ ಬಂದಿಲ್ಲ.

ಹಾಗಾದರೆ ಕೊಲೆಸ್ಟ್ರಾಲಿನಿಂದ ಮುಪ್ಪೋ, ಮುಪ್ಪಿನಿಂದ ಕೊಲೆಸ್ಟ್ರಾಲ್ ಕಾಯಿಲೆಯೋ? ಎರಡೂ ಹೌದು. ಎರಡು ಅಪರೂಪದ ಕಾಯಿಲೆ ನೋಡಿದರೆ ಸ್ಪಷ್ಟವಾಗುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಎಲ್‌ಡಿಎಲ್ ರಿಸೆಪ್ಟರಿನ (ರಕ್ತದಿಂದ ಎಲ್‌ಡಿಎಲ್ ಹಿಡಿದು ಕೋಶದೊಳಗೆ ಎಳೆಯುವ ಕೊಂಡಿ) ಕೆಟ್ಟ ಜೀನ್ ಪಡೆದು ಹುಟ್ಟುವ ಮಕ್ಕಳಿರುತ್ತಾರೆ. ಸುಮಾರು ಮೂರು ಲಕ್ಷಕ್ಕೊಬ್ಬರು. ಅವರ ಎಲ್‌ಡಿಎಲ್ 500 ದಾಟುವುದುಂಟು. ಮೈಯ ಕೋಶಗಳು ಎಳೆಯವು, ಆದರೂ ಚಿಕಿತ್ಸೆ ಇಲ್ಲದಿದ್ದರೆ ಇಪ್ಪತ್ತರೊಳಗೆ ಹಾರ್ಟ್ ಅಟ್ಯಾಕ್ ಆಗಬಹುದು. ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಇಂಥ ರೋಗಿಗಳ ಚರ್ಮದ ಕೋಶ ಇಟ್ಟುಕೊಂಡೇ ಆ ರಿಸೆಪ್ಟರನ್ನು ಕಂಡುಹಿಡಿದರು, 1985ರ ನೊಬೆಲ್ ಪಡೆದರು. ಇನ್ನೊಂದು ಕಾಯಿಲೆ ಪ್ರೊಜೀರಿಯಾ. ಒಂದು ಜೀನ್ ತಪ್ಪಿನಿಂದ ಮಕ್ಕಳಿಗೇ ಮುಪ್ಪು ಬರುತ್ತದೆ. ಅವರ ಎಲ್‌ಡಿಎಲ್ ಸಾಮಾನ್ಯವಾಗಿ ಅಷ್ಟೇನೂ ಜಾಸ್ತಿ ಇರುವುದಿಲ್ಲ. ಚಿಕಿತ್ಸೆ ಇಲ್ಲದೆ ಸರಾಸರಿ 14-15 ವರ್ಷಕ್ಕೆ ತೀರಿಕೊಳ್ಳುತ್ತಾರೆ, ಬಹಳಷ್ಟು ಸಲ ಹೃದಯದ ಕಾಯಿಲೆಯಿಂದಲೇ. ಒಬ್ಬರಲ್ಲಿ ಕಣ ವಿಪರೀತ, ಇನ್ನೊಬ್ಬರಲ್ಲಿ ಗೋಡೆಯೇ ದುರ್ಬಲ. ನಿಮ್ಮಲ್ಲಿ, ನನ್ನಲ್ಲಿ ಎರಡೂ ಸ್ವಲ್ಪ ಸ್ವಲ್ಪ ಕೂಡಿಕೊಂಡು ನಡೆಯುತ್ತಿರುತ್ತವೆ. ವಯಸ್ಸಾದಂತೆ ಲಿವರ್ ಎಲ್‌ಡಿಎಲ್ ಎಳೆದುಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಎಲ್‌ಡಿಎಲ್ ಏರುವುದನ್ನು ನೀವು ಮನೆಯಲ್ಲೇ ನೋಡಬಹುದು.

ಈ ಎರಡರಲ್ಲಿ ಗೋಡೆಯ ವಯಸ್ಸನ್ನು ಹಿಂದಕ್ಕೆ ತಿರುಗಿಸುವ ಔಷಧ ನನ್ನ ಹತ್ತಿರ ಇಲ್ಲ. ಕಣ ಇಳಿಸುವುದು ಇದೆ. ನನ್ನ ವಾದ ಇಷ್ಟೇ.

ಹಾಗಾಗಿ ಆ 53ನ್ನು ಪಕ್ಕಕ್ಕಿಡಿ. ಅವರು ನೋಡಿದ್ದು ನಿಮ್ಮ ಬಿಳಿ ರಕ್ತಕಣಗಳ ಟೆಲೊಮಿಯರ್, ರಕ್ತನಾಳದ್ದಲ್ಲ. ಒಂದೇ ವಯಸ್ಸಿನ ಇಬ್ಬರಲ್ಲಿ ಅದರ ಉದ್ದ ಬಹಳ ಬೇರೆ ಇರುತ್ತದೆ, ಅಳೆಯುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಟೆಲೊಮಿಯರ್ ಗಿಡ್ಡ ಇರುವವರಲ್ಲಿ ಹೃದಯದ ಕಾಯಿಲೆ ಸ್ವಲ್ಪ ಜಾಸ್ತಿ ಕಾಣುತ್ತದೆ, ನಿಜ. ಆದರೆ ಹುಟ್ಟಿನಿಂದ ಉದ್ದ ಇರುವವರಲ್ಲಿ ಕೆಲವು ಕ್ಯಾನ್ಸರ್ ಜಾಸ್ತಿ. ಹಾಗಾಗಿ ಎಳೆದು ಉದ್ದ ಮಾಡುವುದೂ ಬೇಡ. ಆ ಅಂಕಿ ನೋಡಿ ಯಾವ ಡಾಕ್ಟರೂ ನಿಮ್ಮ ಚಿಕಿತ್ಸೆ ಬದಲಾಯಿಸಬೇಕಾಗಿಲ್ಲ. ದುಡ್ಡು ಹೋಯಿತು, ಬಿಡಿ.

ಕೋರ್ಸಿನಲ್ಲಿ ಇರುವುದು ವಿಟಮಿನ್ನುಗಳು, ಆ್ಯಂಟಿಆಕ್ಸಿಡೆಂಟ್‌ಗಳು ಆಗಿದ್ದರೆ ಅದಕ್ಕೂ ಹಳೇ ಕಥೆ ಇದೆ. ಎಲ್‌ಡಿಎಲ್ ಹಳಸುವುದೇ ಸಮಸ್ಯೆ ಆದರೆ ಹಳಸದ ಹಾಗೆ ವಿಟಮಿನ್ ಇ ಕೊಡೋಣ ಅಂತ ವಿಜ್ಞಾನಿಗಳಿಗೇ ಅನಿಸಿತ್ತು. ಒಳ್ಳೇ ಯೋಚನೆ ಅಲ್ವಾ? ಹೋಪ್ ಅನ್ನುವ ಅಧ್ಯಯನದಲ್ಲಿ 9 ಸಾವಿರಕ್ಕೂ ಹೆಚ್ಚು ಜನರಿಗೆ ಸುಮಾರು ನಾಲ್ಕೂವರೆ ವರ್ಷ ಕೊಟ್ಟು ನೋಡಿದರು. ಅರ್ಧ ಜನಕ್ಕೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ, ಅರ್ಧ ಜನಕ್ಕೆ ಸುಮ್ನೆ ಖಾಲಿ ಮಾತ್ರೆ. 2000ದಲ್ಲಿ ಫಲಿತಾಂಶ ಬಂತು: ಹೃದಯಕ್ಕೆ ಏನೂ ಲಾಭ ಇಲ್ಲ. ಎಚ್‌ಡಿಎಲ್ ಏರಿಸುವ ಔಷಧಗಳ ಕಥೆಯೂ ಹೀಗೇ. ಟಾರ್ಸೆಟ್ರಾಪಿಬ್ ಅನ್ನುವ ಮಾತ್ರೆ ಎಚ್‌ಡಿಎಲ್‌ ಅನ್ನು ಜೋರಾಗಿ ಏರಿಸಿತು. ಸಾವು ಜಾಸ್ತಿ ಆಗಿದ್ದರಿಂದ 2006ರಲ್ಲಿ ಅಧ್ಯಯನವನ್ನೇ ನಿಲ್ಲಿಸಿದರು. ಹಾಗಾಗಿ ನಿಮ್ಮ 36ಕ್ಕೆ ಬೇರೆ ಮಾತ್ರೆ ಹುಡುಕಬೇಡಿ. ಅದು ಟ್ರೈಗ್ಲಿಸರೈಡಿನ ನೆರಳು.

ಇನ್ನು ಸ್ಟಾಫ್ ರೂಮಿನ ಮಾತು. ಪೊರೆಗೆ ಕೊಲೆಸ್ಟ್ರಾಲ್ ಬೇಕು ಅನ್ನುವುದು ಪಾಠಪುಸ್ತಕದ ಸತ್ಯ. ಆದರೆ ನಮ್ಮ ಬಹುತೇಕ ಕೋಶಗಳು ತಮಗೆ ಬೇಕಾದ ಕೊಲೆಸ್ಟ್ರಾಲನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮೆದುಳಂತೂ ಹೊರಗಿನ ಎಲ್‌ಡಿಎಲ್ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ, ತನ್ನದನ್ನು ತಾನೇ ಮಾಡಿಕೊಳ್ಳುತ್ತದೆ. ಆಗ ತಾನೇ ಹುಟ್ಟಿದ ಮಗುವಿನ ಎಲ್‌ಡಿಎಲ್ ಸುಮಾರು 30. ಮನುಷ್ಯನ ಕೋಶಗಳು ಅತಿ ವೇಗದಲ್ಲಿ ಬೆಳೆಯುವ ಕಾಲ ಅದು. 30ರಲ್ಲಿ ನಡೆಯುತ್ತದೆ ಅಂದಮೇಲೆ ನಮಗೆ 70 ಇದ್ದರೆ ಪೊರೆ ಹರಿದುಹೋಗುವುದಿಲ್ಲ.

ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆ ಮಾಡುವುದು ಏನೆಂದರೆ, ಲಿವರ್ ಒಳಗೆ ಕೊಲೆಸ್ಟ್ರಾಲ್ ತಯಾರಿ ಕಡಿಮೆ ಮಾಡುತ್ತದೆ. ಆಗ ಲಿವರ್ ತನ್ನ ಮೈಮೇಲೆ ಹೆಚ್ಚು ರಿಸೆಪ್ಟರ್ ಹಚ್ಚಿಕೊಂಡು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ (ಫಂಗಸ್) ಹುಡುಕಿ ತೆಗೆದ ವಸ್ತುವಿನಿಂದ ಶುರುವಾದ ಔಷಧ ಇದು. ಮೈಕೈ ನೋವಿನ ಭಯ ಬಹಳ ಜನಕ್ಕೆ. ಕೆಲವರಿಗೆ ನಿಜವಾಗಿಯೂ ಬರುತ್ತದೆ. ಆದರೆ ತೊಂದರೆ ಆಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಗೊತ್ತಾಗದ ಹಾಗೆ ಒಂದು ತಿಂಗಳು ಸ್ಟ್ಯಾಟಿನ್, ಒಂದು ತಿಂಗಳು ಖಾಲಿ ಮಾತ್ರೆ ಹೀಗೆ ಕೊಟ್ಟು ನೋಡಿದ್ದಾರೆ. 2020ರ ಆ ಅಧ್ಯಯನದಲ್ಲಿ ಸ್ಟ್ಯಾಟಿನ್‌ನಲ್ಲಿ ಬಂದ ತೊಂದರೆಯ ನೂರಕ್ಕೆ 90 ಪಾಲು ಖಾಲಿ ಮಾತ್ರೆಗೂ ಬಂತು. ರಕ್ತದ ಸಕ್ಕರೆ ಸ್ವಲ್ಪ ಏರಬಹುದು, ಅದನ್ನು ಪರೀಕ್ಷೆ ಮಾಡಿಸುತ್ತಿರಬೇಕು.

ಎಲ್‌ಡಿಎಲ್ 39 ಇಳಿಸಿದರೆ, ಸುಮಾರು ಐದು ವರ್ಷದ ಚಿಕಿತ್ಸೆಯಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥವು ನೂರಕ್ಕೆ 22ರಷ್ಟು ಕಡಿಮೆ ಆಗುತ್ತವೆ. ಅದೇ 39 ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಹೃದಯದ ಕಾಯಿಲೆ ಅರ್ಧಕ್ಕೂ ಕಡಿಮೆ. ಇಳಿದದ್ದು ಅಷ್ಟೇ, ವರ್ಷಗಳು ಬೇರೆ. ಪಿಸಿಎಸ್‌ಕೆ9 ಅನ್ನುವ ಜೀನ್ ಕೆಲಸ ಮಾಡದೆ ಎಲ್‌ಡಿಎಲ್ ಜೀವನಪೂರ್ತಿ ಶೇ. 28 ಕಡಿಮೆ ಇದ್ದ ಆಫ್ರಿಕನ್-ಅಮೆರಿಕನ್ನರನ್ನು ನೋಡಿದಾಗ ಅವರಲ್ಲಿ ಹೃದಯದ ನಾಳದ ಕಾಯಿಲೆ ಶೇ. 88 ಕಡಿಮೆ ಇತ್ತು. ಅವರಿಗೆ ಬೇಗ ಮುಪ್ಪೇನೂ ಬರಲಿಲ್ಲ. ಅದಕ್ಕೇ "128 ತಾನೆ, ಸ್ವಲ್ಪ ಮಾತ್ರ ಜಾಸ್ತಿ" ಅಂದಾಗ ನಾನು ಕೇಳುವುದು, ಎಷ್ಟು ವರ್ಷದಿಂದ ಅಂತ. ನಿಮ್ಮ ನಾಳದ ವಯಸ್ಸು ತಿಳಿಯಬೇಕಾದರೆ ಆ ಲೆಕ್ಕವೇ ಟೆಲೊಮಿಯರ್‌ಗಿಂತ ಮೇಲು.

ಈಗ ಮಾಡಬೇಕಾದ್ದು. ನಿಮ್ಮ 212ರಲ್ಲಿ 36 ಕಳೆದರೆ 176. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. ಅಪೊ-ಬಿ ದಾರ ಇರುವ ಎಲ್ಲ ಗಂಟುಗಳ ಕೊಲೆಸ್ಟ್ರಾಲ್ ಇದರಲ್ಲಿ ಬರುತ್ತದೆ, ಹೆಚ್ಚು ದುಡ್ಡೂ ಕೊಡಬೇಕಿಲ್ಲ. ಕಾರ್ಡಿಯೊಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಸಲಹೆ ಪ್ರಕಾರ, ಅಪಾಯ ಕಡಿಮೆ ಇರುವವರಲ್ಲೂ ಇದು 130ರ ಕೆಳಗೆ, ಎಲ್‌ಡಿಎಲ್ 100ರ ಕೆಳಗೆ ಇರಬೇಕು. ಅಪಾಯ ಜಾಸ್ತಿ ಇರುವವರಲ್ಲಿ 100 ಮತ್ತು 70. ನಿಮ್ಮದು 176 ಮತ್ತು 128. ಹೋಗಿ ಅಪೊ-ಬಿ ಪರೀಕ್ಷೆ ಮಾಡಿಸಿ. ಒಂದು ಗಂಟಿಗೆ ಒಂದೇ ದಾರ ಅಂದಿದ್ದೆನಲ್ಲ, ದಾರ ಎಣಿಸಿದರೆ ಗಂಟು ಎಣಿಸಿದ ಹಾಗೇ. ಇದಕ್ಕೆ ಉಪವಾಸ ಬೇಕಿಲ್ಲ. ಜೊತೆಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ), ಥೈರಾಯ್ಡ್, ಬಿಪಿ ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಎಲ್‌ಡಿಎಲ್ ಏರುತ್ತದೆ, ಇದನ್ನು ಮರೆತು ಮಾತ್ರೆ ಬರೆದಿರುವುದನ್ನು ನೋಡಿದ್ದೇನೆ. ಈ ಕಾಗದಗಳನ್ನೆಲ್ಲ ಹಿಡಿದು ರಾಯಚೂರಿನಲ್ಲಾಗಲಿ ನಿಮ್ಮೂರಲ್ಲಾಗಲಿ ಒಬ್ಬ ಫಿಜಿಷಿಯನ್ ಹತ್ತಿರ ಕೂತು ಮಾತಾಡಿ. ಅಪ್ಪನ 52 ನೋಡಿದರೆ ಸ್ಟ್ಯಾಟಿನ್ ಬೇಕಾಗುವ ಸಂಭವವೇ ಜಾಸ್ತಿ ಅಂತ ನನಗನಿಸುತ್ತದೆ. ಆದರೆ ಮೈಮುಟ್ಟಿ ನೋಡದೆ ನಾನು ಡೋಸ್ ಬರೆಯುವುದಿಲ್ಲ.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ 240ಕ್ಕೆ ಕಾರಣ ಬಹುಶಃ ಎಣ್ಣೆಗಿಂತ ಅನ್ನ, ಸಕ್ಕರೆ, ಹೊಟ್ಟೆ. ಕುಡಿಯುವ ಅಭ್ಯಾಸ ಇದ್ದರೆ ಅದೂ. ಕಾಲುವೆ ಬಂದ ಮೇಲೆ ನಮ್ಮ ಭಾಗದ ತಟ್ಟೆಯಲ್ಲಿ ಜೋಳದ ರೊಟ್ಟಿಯ ಜಾಗಕ್ಕೆ ಸೋನಾಮಸೂರಿ ಅನ್ನ ಬಂದು ಕೂತಿದೆ. ಮೂರು ಹೊತ್ತು ಅನ್ನ, ನಡುವೆ ನಾಲ್ಕೈದು ಸಲ ಸಕ್ಕರೆ ಚಹಾ. ಒಂದು ಹೊತ್ತಾದರೂ ರೊಟ್ಟಿ, ಕಾಳಿನ ಪಲ್ಯ ಮಾಡಿ. ನಾಲ್ಕೈದು ಕೆಜಿ ಇಳಿಸಿ, ಟ್ರೈಗ್ಲಿಸರೈಡ್ ಎಷ್ಟು ಇಳಿಯುತ್ತದೆ ನೋಡಿ. ಶೇಂಗಾ ಚಟ್ನಿ ಬಿಡಬೇಡಿ, ಶೇಂಗಾದಲ್ಲಿ ಕೊಲೆಸ್ಟ್ರಾಲ್ ಇಲ್ಲ. "ಕೊಲೆಸ್ಟ್ರಾಲ್ ಇಲ್ಲ" ಅಂತ ಪ್ಯಾಕೆಟ್ ಮೇಲೆ ಬರೆದ ಎಣ್ಣೆಗೆ ಮಾತ್ರ ಮರುಳಾಗಬೇಡಿ. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ಪಾಮ್ ಎಣ್ಣೆಯಲ್ಲೂ. ಆದರೆ ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಅದು ಲಿವರ್‌ನ ರಿಸೆಪ್ಟರ್ ಕಡಿಮೆ ಮಾಡಿ ಎಲ್‌ಡಿಎಲ್ ಏರಿಸುತ್ತದೆ. ಸಂಜೆಯ ಮಂಡಕ್ಕಿ ಒಗ್ಗರಣೆ-ಮಿರ್ಚಿ ಬಿಡಿ ಅಂದರೆ ನೀವು ಈ ಉತ್ತರವನ್ನೇ ಬಿಡುತ್ತೀರಿ. ಒಗ್ಗರಣೆ ಇರಲಿ. ಬೆಳಿಗ್ಗೆಯಿಂದ ಅದೇ ಬಾಣಲೆಯಲ್ಲಿ ಕಾದು ಕಪ್ಪಾದ ಎಣ್ಣೆಯ ಮಿರ್ಚಿ ವಾರಕ್ಕೊಂದು ದಿನಕ್ಕೆ ಇಳಿಯಲಿ.

ಕೊನೆಯದಾಗಿ ಎಲ್‌ಪಿ-ಎ ಅನ್ನುವ ಒಂದು ಪರೀಕ್ಷೆ. ಇದೂ ಎಲ್‌ಡಿಎಲ್ ಥರದ್ದೇ ಕಣ, ಮೈಗೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ಎಷ್ಟಿರಬೇಕು ಅನ್ನುವುದು ಬಹುಪಾಲು ಹುಟ್ಟಿನಿಂದಲೇ ನಿರ್ಧಾರ. ಊಟ, ವ್ಯಾಯಾಮ ಅದನ್ನು ಅಲುಗಾಡಿಸುವುದಿಲ್ಲ. ಹಾಗಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. 50 ಮಿಲಿಗ್ರಾಂ ದಾಟಿದ್ದರೆ ಅಪ್ಪನ 52ಕ್ಕೆ ಒಂದು ಕಾರಣ ಸಿಕ್ಕಂತೆ. ಆಗ ನಿಮ್ಮ ಉಳಿದ ಅಂಕಿಗಳನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ನಿಮಗೆ ಜಾಸ್ತಿ ಬಂದರೆ ತಮ್ಮ, ತಂಗಿಯರಿಗೂ ಮಾಡಿಸಿ. ಮಕ್ಕಳಿಗೆ 18 ತುಂಬಿದಾಗ ಒಂದು ಲಿಪಿಡ್ ಪರೀಕ್ಷೆ ಹೇಗೂ ಮಾಡಿಸಬೇಕು, ಅದರ ಜೊತೆ ಇದನ್ನೂ ಬರೆಸಿಬಿಡಿ.